ಪಹಣಿಯ ಮೊದಲ ಹೆಸರು

ಶನಿವಾರ ಮಧ್ಯಾಹ್ನ ಎರಡು ಗಂಟೆಯಾದರೂ ಮಿಲನ್ ಊಟಕ್ಕೆ ಬರಲಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ಊಟದ ಹೊತ್ತು ಹಿಂದೆ ಮುಂದೆ ಆಗುವುದು ಇದ್ದದ್ದೇ. ಯಮುನ ಮಗನ ಪಾಲಿನ ಅನ್ನಕ್ಕೆ ತಟ್ಟೆ ಮುಚ್ಚಿ, ಕಣದಲ್ಲಿ ಹರಡಿದ್ದ ಕಾಫಿಯನ್ನು ಕೆದಕಲು ಹೋದಳು. ನಡುವೆ ಎರಡು ಸಲ ಫೋನ್ ಮಾಡಿದಳು. ಸ್ವಿಚ್ ಆಫ್ ಎಂದಿತು.

ನಾಲ್ಕು ಗಂಟೆಗೆ ಗಂಡ ಸಾಂತಪ್ಪನ ಫೋನ್ ಬಡಿದುಕೊಂಡಿತು. ಅವನು ಅದನ್ನು ಯಾವಾಗಲೂ ಸ್ಪೀಕರಿನಲ್ಲಿ ಹಾಕಿಯೇ ಮಾತಾಡುವುದು.

"ಮಿಲನ್ ಅವರ ತಂದೆನಾ? ನಾನು ಸ್ಟೇಷನ್ನಿಂದ ಸತೀಶ್, ಕಾನ್‌ಸ್ಟೇಬಲ್. ಮಗ ಇಲ್ಲಿದ್ದಾರೆ. ಆಧಾರ್ ಕಾರ್ಡ್ ತಗೊಂಡು ಬನ್ನಿ."

"ಎಂಥ ಆಯ್ತು ಸಾರ್? ಆಕ್ಸಿಡೆಂಟಾ?"

"ಆಕ್ಸಿಡೆಂಟ್ ಅಲ್ಲ. ಕಡವೆ ಕೊಂಬು."

ಸಾಂತಪ್ಪ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಕೊಂಬು ಯಾವುದೆಂದು ಗಂಡ ಹೆಂಡತಿ ಇಬ್ಬರೂ ಕೇಳಿಕೊಳ್ಳಲಿಲ್ಲ. ಅದು ಸಾಂತಪ್ಪನ ಅಪ್ಪನ ಕಾಲದ್ದು. ಐವತ್ತು ವರ್ಷ ಎದುರು ಬಾಗಿಲಿನ ಮೇಲೆ ಹಲಗೆಗೆ ಜಡಿದುಕೊಂಡು ಇತ್ತು. ಕಾಡುಪ್ರಾಣಿಗಳ ಕೊಂಬು, ಚರ್ಮ ಇಟ್ಟುಕೊಂಡವರು ಮೂರು ತಿಂಗಳೊಳಗೆ ಹಿಂದಿರುಗಿಸಿ ಎಂದು ಸರ್ಕಾರ ಹೇಳಿದಾಗ ಸಾಂತಪ್ಪನ ಅಣ್ಣ ಕುಶಾಲಪ್ಪ ಮೇಲಿನ ಮನೆಯಿಂದ ಇಳಿದು ಬಂದಿದ್ದ. "ಕೊಟ್ಟುಬಿಡುವಾ. ಯಾರಾದ್ರೂ ಕೇಳಿದ್ರೆ ನಾನು ಉತ್ತರ ಹೇಳ್ತೇನೆ" ಎಂದಿದ್ದ. ಸಾಂತಪ್ಪ, "ಗೆದ್ದಲು ಹಿಡಿದು ಹಾಳಾಗಿತ್ತು ಅಣ್ಣ, ಎಂದೋ ಒಲೆಗೆ ಹಾಕಿದೆ" ಎಂದ. ಕುಶಾಲಪ್ಪ ಬಾಗಿಲಿನ ಮೇಲೆ ಉಳಿದಿದ್ದ ಬಿಳಿ ಗುರುತನ್ನು ನೋಡಿದ, ಯಮುನ ಕೊಟ್ಟ ಕಾಫಿಯನ್ನು ಕುಡಿಯದೆ ಎದ್ದು ಹೋದ. ಆಮೇಲೆ ಅವನು ಕೆಳಗಿನ ಮನೆಗೆ ಬಂದಿರಲಿಲ್ಲ. ಕೊಂಬು ಅಟ್ಟದಲ್ಲಿ ಗೋಣಿಚೀಲದೊಳಗೆ ಇತ್ತು.

ಡಿಸೆಂಬರಿನಲ್ಲಿ ಮಿಲನ್ ಮೇಲಿನ ಎರಡು ಕೋಣೆಗಳನ್ನು ಹೋಂಸ್ಟೇಗೆಂದು ತೆರವು ಮಾಡಿದ್ದ. ಆಗ ಚೀಲ ಅವನ ಕೈಗೆ ಸಿಕ್ಕಿರಬೇಕು.

ಸಾಂತಪ್ಪ ಮೂವತ್ತನಾಲ್ಕು ವರ್ಷ ಅಮ್ಮತ್ತಿ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವನು. ದೊಡ್ಡವರ ಎದುರು ಬರಿಗೈಯಲ್ಲಿ ಹೋಗಬಾರದು ಎನ್ನುವುದು ಅವನ ಸರ್ವಿಸಿನ ಪಾಠ. ಒಳಗೆ ಹೋಗಿ ಒಂದು ಬಾಟಲಿ ಜೇನು ತಂದ.

"ಇದು ಎಂತಕ್ಕೆ?" ಎಂದಳು ಯಮುನ.

"ಇನ್ಸ್‌ಪೆಕ್ಟರಿಗೆ. ತಪ್ಪಾಯ್ತು ಸಾರ್ ಅಂತ ಹೇಳಿ, ಅವರು ಹೇಳಿದಲ್ಲಿ ಸಹಿ ಹಾಕಿ ಕರ್ಕೊಂಡು ಬರುವಾ. ಸಂಜೆಯೊಳಗೆ ಮುಗೀತದೆ."

ಅಷ್ಟರಲ್ಲಿ ಸೊಸೆ ಮೋನಿಷಾ ನಾಪೋಕ್ಲಿನಿಂದ ಬಂದಳು. ಅಲ್ಲಿನ ಕ್ಲಿನಿಕ್ಕೊಂದರ ಲ್ಯಾಬ್ ಟೆಕ್ನಿಷಿಯನ್ ಅವಳು. ಸೋಮವಾರಪೇಟೆ ಕಡೆಯ ಹುಡುಗಿ, ಮಾತು ಸ್ವಲ್ಪ ಹಾಸನದ ಹಾಗೆ. ವಿಷಯ ಕೇಳಿ ಬ್ಯಾಗನ್ನು ಕೆಳಗಿಡದೆಯೇ ಮಡಿಕೇರಿಯ ವಕೀಲೆ ಪದ್ಮಾಕ್ಷಿಗೆ ಫೋನ್ ಮಾಡಿದಳು. ಪದ್ಮಾಕ್ಷಿ ಅವಳ ಬಿ.ಎಸ್ಸಿ. ಸಹಪಾಠಿಯೊಬ್ಬಳ ಅಕ್ಕ.

"ಪೊಲೀಸರ ಮೇಲೆ ವಕೀಲರನ್ನು ಬಿಟ್ರೆ ಸಿಟ್ಟು ಬರ್ತದೆ" ಎಂದ ಸಾಂತಪ್ಪ.

"ಬರ್ಲಿ ಮಾವ. ನೀವು ಸ್ವಲ್ಪ ಸುಮ್ನಿರಿ, ಬರ್ಕೋಬೇಕು."

ಪದ್ಮಾಕ್ಷಿ ಹೇಳಿದ್ದನ್ನು ಅವಳು ಖಾಲಿ ರಿಪೋರ್ಟ್ ಫಾರಮ್ಮಿನ ಹಿಂಬದಿಯಲ್ಲಿ ಬರೆದುಕೊಂಡಳು. ಬಂಧಿಸಿದ ಕಾರಣವನ್ನು ಬರಹದಲ್ಲಿ ಕೊಡಬೇಕು. ಬಂಧನದ ಮೆಮೊದಲ್ಲಿ ಹಿಡಿದ ಹೊತ್ತು ಸರಿಯಾಗಿರಬೇಕು. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಬೇಕು. ಪೊಲೀಸರಿಗೆ ಕೊಡುವ ಹೇಳಿಕೆಗೆ ಸಹಿ ಬೇಕಾಗಿಯೇ ಇಲ್ಲ. ಹೆಸರು ವಿಳಾಸ ಹೇಳಲಿ, ಉಳಿದದ್ದಕ್ಕೆ ವಕೀಲರು ಬರಲಿ ಎನ್ನಲಿ. "ಮತ್ತೆ ಮೋನಿಷಾ, ನೀವು ಮೂವರೂ ಅಷ್ಟೇ. ಕೊಂಬಿನ ಬಗ್ಗೆ ಅಲ್ಲಿ ಒಂದಕ್ಷರ ಮಾತಾಡ್ಲಿಕ್ಕಿಲ್ಲ" ಎಂದಳು ಪದ್ಮಾಕ್ಷಿ.

ಯಮುನ ಜೇನಿನ ಬಾಟಲಿಯನ್ನು ಗಂಡನ ಕೈಯಿಂದ ತೆಗೆದು ಒಳಗಿಟ್ಟಳು.

ಬಾಡಿಗೆ ಜೀಪಿನಲ್ಲಿ ಅವರು ಸ್ಟೇಷನ್ ಮುಟ್ಟಿದಾಗ ಐದೂ ಮುಕ್ಕಾಲು. ಮಿಲನ್ ಬೆಂಚಿನ ಮೇಲೆ ಚಪ್ಪಲಿಯಿಲ್ಲದೆ ಕುಳಿತಿದ್ದ. ಮೂವತ್ತೊಂದು ವರ್ಷದ ಮಗ ಅಮ್ಮನ ಮುಖ ನೋಡಲಿಲ್ಲ.

"ಏನಾದ್ರೂ ಸಹಿ ಹಾಕಿದ್ಯಾ?" ಮೋನಿಷಾ ಮೊದಲು ಕೇಳಿದ್ದು ಅದನ್ನೇ.

"ಮೂರು ಹಾಳೆ."

"ಓದಿದ್ಯಾ?"

"ಎರಡು ಹಾಳೆಯಲ್ಲಿ ಬರೆದಿತ್ತು. ಒಂದು ಖಾಲಿ ಇತ್ತು. ಸಹಿ ಹಾಕಿದ್ರೆ ಸಂಜೆ ಮನೆಗೆ ಅಂದ್ರು."

ಇನ್ಸ್‌ಪೆಕ್ಟರ್ ಒರಟಾಗಿ ಮಾತಾಡುವವರಲ್ಲ. ಕುರ್ಚಿ ತೋರಿಸಿದರು, ಮೆಮೊ ತೋರಿಸಿದರು. ಮೋನಿಷಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು.

"ಸಾರ್, ಇಲ್ಲಿ ಐದು ಗಂಟೆಗೆ ಬಂಧನ ಅಂತಿದೆ. ನಾಲ್ಕು ಗಂಟೆಗೇ ನಿಮ್ಮೋರು ಮಾವನಿಗೆ ಫೋನ್ ಮಾಡಿದ್ರಲ್ಲ?"

"ಫಾರ್ಮಾಲಿಟಿ ಮುಗಿದದ್ದು ಐದಕ್ಕೆ ಅಮ್ಮಾ."

"ಹಿಡಿದದ್ದು?"

"ಹನ್ನೊಂದಕ್ಕೆ, ಪೆಟ್ರೋಲ್ ಬಂಕ್ ಹತ್ರ" ಎಂದ ಮಿಲನ್ ಬೆಂಚಿನಿಂದಲೇ.

"ನೀವೇನು ಲಾಯರಾ?" ಎಂದರು ಇನ್ಸ್‌ಪೆಕ್ಟರ್.

"ಲ್ಯಾಬ್ ಟೆಕ್ನಿಷಿಯನ್ ಸಾರ್. ಸ್ಯಾಂಪಲ್ ತಗೊಂಡ ಟೈಮ್ ಬರೀದಿದ್ರೆ ನಮ್ಮಲ್ಲಿ ರಿಪೋರ್ಟೇ ಕೊಡಲ್ಲ. ಈ ಮೆಮೊಗೆ ಮನೆಯವರ ಸಹಿ ಬೇಕಂದ್ರೆ ಹನ್ನೊಂದು ಅಂತ ಬರೆದೇ ಹಾಕ್ತೀನಿ."

ಸಾಂತಪ್ಪ ಸೊಸೆಯ ಸೆರಗು ಎಳೆಯುವಂತೆ ಕೈ ಚಾಚಿದ, ಅವಳು ಚೂಡಿದಾರದಲ್ಲಿದ್ದಳು. ಇನ್ಸ್‌ಪೆಕ್ಟರ್ ಪೆನ್ನನ್ನು ಅವಳ ಕಡೆ ಸರಿಸಿದರು. ಕೊನೆಗೆ ಅವಳು ಹನ್ನೊಂದು ಗಂಟೆ ಎಂದು ಬರೆದೇ ಸಹಿ ಹಾಕಿದಳು. ಮಿಲನ್ ಮಾತ್ರ ಮನೆಗೆ ಬರಲಿಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವನನ್ನು ವಿರಾಜಪೇಟೆಯಲ್ಲಿ ಮ್ಯಾಜಿಸ್ಟ್ರೇಟರ ಎದುರು ಹಾಜರುಪಡಿಸಿದರು. ಪದ್ಮಾಕ್ಷಿ ಬಂದಿದ್ದಳು. ಯಾವಾಗ ಹಿಡಿದರು, ಹೊಡೆದರೇ ಎಂದು ನ್ಯಾಯಾಧೀಶರು ಕೇಳಿದರು. ಹನ್ನೊಂದಕ್ಕೆ, ಹೊಡೆಯಲಿಲ್ಲ, ಖಾಲಿ ಹಾಳೆಗೆ ಸಹಿ ಹಾಕಿಸಿಕೊಂಡರು ಎಂದ ಮಿಲನ್. ಅದೆಲ್ಲ ದಾಖಲಾಯಿತು. ಮಿಲನ್ ಜೈಲಿಗೆ ಹೋದ.

ಮನೆಯಲ್ಲಿ ಆಮೇಲಿನ ದಿನಗಳು ಕೆಲಸದಲ್ಲೇ ಹೋದವು. ಕೊಯ್ಲು ನಿಲ್ಲುವ ಹಾಗಿರಲಿಲ್ಲ. ಬೆಳಿಗ್ಗೆ ಕೆಲಸದವರಿಗೆ ಚೀಲ ಕೊಡುವುದು, ಸಂಜೆ ಹಣ್ಣು ತೂಗುವುದು, ಇವೆಲ್ಲ ಮಿಲನ್ ಮಾಡುತ್ತಿದ್ದ ಕೆಲಸಗಳು. ಈಗ ಸಾಂತಪ್ಪ ಮಾಡುತ್ತಿದ್ದ. ಎಂಟು ತಿಂಗಳ ಹಿಂದೆ ಅವನ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ತೂಕದ ಚೀಲ ಎತ್ತಬೇಡಿ ಎಂದು ಯಮುನ ದಿನಾ ಹೇಳಬೇಕಾಗುತ್ತಿತ್ತು. ಮೋನಿಷಾ ಬುಧವಾರ, ಶನಿವಾರ ಜೈಲಿಗೆ ಹೋಗಿ ಬರುತ್ತಿದ್ದಳು.

ಮಿಲನ್‌ನ ಫೋನ್ ಪೊಲೀಸರ ಹತ್ತಿರ ಇತ್ತು. ಆದರೆ ಹೋಂಸ್ಟೇ ಬುಕಿಂಗಿಗೆಂದು ತಂದ ಟ್ಯಾಬಿನಲ್ಲೂ ಅವನ ಖಾತೆ ತೆರೆದಿತ್ತು. ಒಂದು ದಿನ ತಿಂಡಿಯ ಹೊತ್ತಿಗೆ ಮೋನಿಷಾ ಅದನ್ನು ಓದಿ ಹೇಳಿದಳು. ಹಳೆಯ ವಸ್ತುಗಳನ್ನು ಮಾರುವ ಗುಂಪೊಂದರಲ್ಲಿ ಮಿಲನ್ ಕೊಂಬಿನ ಚಿತ್ರ ಹಾಕಿದ್ದ. ಮೈಸೂರಿನ ಶಶಿಕುಮಾರ್ ಎಂಬ ಹೆಸರಿನಲ್ಲಿ ಗಿರಾಕಿ ಬಂದ. ಮೂರು ವಾರ ಮಾತಾಡಿದ. ಆ ಶಶಿಕುಮಾರ್ ಎಂದರೆ ಪೊಲೀಸರೇ.

"ಮೊದಲು ಇವನು 'ಅಜ್ಜನ ಕಾಲದ್ದು' ಅಂತಲೇ ಬರ್ದಿದಾನೆ. ಅವನು 'ಹಳೇದಕ್ಕೆ ರೇಟಿಲ್ಲ, ಹೊಸದು ಸಿಗುತ್ತಾ' ಅಂತ ನಾಲ್ಕು ಸಲ ಕೇಳಿದಾನೆ. ಐದನೇ ಸಲ ಇವನು ಏನು ಬರೆದ ಗೊತ್ತಾ ಅತ್ತೆ? 'ನಾವು ಕೊಡಗಿನವರು, ಕೋವಿ ಉಂಟು, ಬೇಕಾದಾಗ ಹೊಡೀತೇವೆ' ಅಂತ."

"ಅವನಾ? ಕೋಳಿ ಕೊಯ್ಯುವಾಗ ಆಚೆ ಹೋಗ್ತಾನೆ" ಎಂದಳು ಯಮುನ.

"ಬಾಯಿ ಬಡಾಯಿ" ಎಂದ ಸಾಂತಪ್ಪ. "ಅದನ್ನು ಅಳಿಸಿ ಹಾಕು ಮೊದಲು."

"ಅಳಿಸಿದ್ರೆ ಅದು ಇನ್ನೊಂದು ಕೇಸ್ ಮಾವ. ಅಲ್ಲದೆ ಯಾರು ಮೊದಲು ಕೇಳಿದ್ದು, ಎಷ್ಟು ಸಲ ಕೇಳಿದ್ದು ಅನ್ನೋದು ಇದ್ರಲ್ಲೇ ಇರೋದು. ಗಿರಾಕಿ ವೇಷದಲ್ಲಿ ಬರೋದು ಪೊಲೀಸರ ತಪ್ಪಲ್ವಂತೆ. ಆದ್ರೆ ಇಲ್ಲದ ಆಸೆ ಹುಟ್ಟಿಸಿದ್ರಾ ಅಂತ ಕೋರ್ಟಲ್ಲಿ ಕೇಳಬಹುದು ಅಂದ್ರು ಪದ್ಮಾಕ್ಷಿ ಅಕ್ಕ. ಒಂದೊಂದು ಪುಟಾನೂ ತಾರೀಖು ಸಮೇತ ತೆಗೆದು ಕೊಟ್ಟಿದೀನಿ."

"ನಿನಗೆ ಎಲ್ಲದಕ್ಕೂ ತಾರೀಖು ಬೇಕು."

"ನಿಮಗೆ ಎಲ್ಲಾನೂ ಒಲೆಗೆ ಹಾಕ್ಬೇಕು."

ಸಾಂತಪ್ಪ ಅರ್ಧ ರೊಟ್ಟಿ ಬಿಟ್ಟು ಎದ್ದ. ಮಾವನಿಗೆ ಹಾಗೆ ಹೇಳಿದ್ದು ಸರಿಯಲ್ಲ ಎಂದು ಯಮುನ ಬೈದಳು. ಮೋನಿಷಾ ತಟ್ಟೆಗಳನ್ನು ತೊಳೆಯುತ್ತ, "ಸರಿಯಲ್ಲ" ಎಂದು ಒಪ್ಪಿಕೊಂಡಳು.

ಹನ್ನೆರಡನೆಯ ದಿನ ಜಾಮೀನು ಸಿಕ್ಕಿತು. ಪದ್ಮಾಕ್ಷಿ ತನ್ನ ಕಚೇರಿಯಲ್ಲಿ ಮೂವರನ್ನೂ ಕೂರಿಸಿ ಮೇಜಿನ ಮೇಲೆ ಪಹಣಿ ಹರಡಿದಳು.

"ಜಮೀನಿರುವ ಒಬ್ಬರು ಜಾಮೀನು ನಿಲ್ಲಬೇಕು. ನಿಮ್ಮದು ಜಮ್ಮಾ ಆಸ್ತಿ. ಒಟ್ಟು ಕುಟುಂಬದ್ದು. ಇಲ್ಲಿ ನೋಡಿ, ಪಟ್ಟೆದಾರ ಅಂತ ಮೊದಲ ಹೆಸರು ಕುಶಾಲಪ್ಪನವರದ್ದು. ಸಾಂತಪ್ಪನವರೇ, ನಿಮ್ಮ ಹೆಸರು ನಾಲ್ಕನೆಯದು. ನಿಮ್ಮ ಭಾಗ ಬೇರೆ ಮಾಡಿಸಿಲ್ಲ. ನೀವೊಬ್ಬರೇ ನಿಂತರೆ ಕೋರ್ಟು ಒಪ್ಪುವುದಿಲ್ಲ. ಅವರೇ ಬರಬೇಕು."

"ಬರ್ತಾನೆ. ಅಣ್ಣ ಅಲ್ವಾ" ಎಂದ ಸಾಂತಪ್ಪ.

ಪದ್ಮಾಕ್ಷಿ ಇನ್ನೊಂದು ಕಾಗದ ತೆಗೆದಳು. ಮಿಲನ್‌ನನ್ನು ಜೈಲಿಗೆ ಕಳುಹಿಸುವಾಗ ಪೊಲೀಸರು ಕೋರ್ಟಿಗೆ ಕೊಟ್ಟಿದ್ದ ಅರ್ಜಿಯ ಪ್ರತಿ. ಅವನ ಹೇಳಿಕೆಯ ಸಾರ ಅದರಲ್ಲಿತ್ತು. ಒಂದು ಸಾಲಿನ ಕೆಳಗೆ ಅವಳು ಪೆನ್ಸಿಲಿನಿಂದ ಗೆರೆ ಎಳೆದಿದ್ದಳು: ಸದರಿ ಕಡವೆಯನ್ನು ನನ್ನ ದೊಡ್ಡಪ್ಪ ಕುಶಾಲಪ್ಪ ತಮ್ಮ ಕೋವಿಯಿಂದ ಹೊಡೆದಿರುತ್ತಾರೆ.

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತಲೇ ಇತ್ತು.

"ಪೊಲೀಸರ ಎದುರು ಹೇಳಿದ್ದಷ್ಟೇ ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ" ಎಂದಳು ಪದ್ಮಾಕ್ಷಿ. "ಆದರೆ ಇದನ್ನು ಹಿಡಿದುಕೊಂಡು ಅವರ ಮನೆಗೆ ಹೋಗ್ತಾರೆ. ಇವತ್ತಲ್ಲ ನಾಳೆ."

ಮನೆಗೆ ಬಂದ ಮೇಲೆ, ಕಾಗದವನ್ನು ಮೊದಲು ಬಾವನಿಗೆ ತೋರಿಸಬೇಕು ಎಂದಳು ಯಮುನ. ಜಗಳ ಶುರುವಾಯಿತು. ಅಪರೂಪಕ್ಕೆ ಮಾವ ಸೊಸೆ ಇಬ್ಬರೂ ಒಂದೇ ಕಡೆ ಇದ್ದರು.

"ಮೊದಲು ಸಹಿ ಆಗ್ಲಿ. ಮಗ ಹೊರಗೆ ಬರ್ಲಿ. ಆಮೇಲೆ ಅಣ್ಣನ ಕಾಲು ಹಿಡಿದು ಹೇಳುವಾ" ಎಂದ ಸಾಂತಪ್ಪ.

"ಈಗ ಹೇಳಿದ್ರೆ ಯಾರು ತಾನೇ ಜಾಮೀನು ನಿಲ್ತಾರೆ ಅತ್ತೆ? ನೀವಾದ್ರೆ ನಿಲ್ತೀರಾ?" ಎಂದಳು ಮೋನಿಷಾ.

"ಗೊತ್ತಿಲ್ಲೆ."

"ಮತ್ತೆ?"

"ಬಾವನ ಮೇಲೆ ಬರೆದ ಕಾಗದ ನಮ್ಮ ಬ್ಯಾಗಲ್ಲಿ ಇಟ್ಕೊಂಡು ಅವರ ಹತ್ರ ಸಹಿ ಕೇಳುದಾ? ಪೊಲೀಸರು ಮಿಲನಿಗೆ ಮಾಡಿದ್ದು ಅದನ್ನೇ ಅಲ್ವಾ ಮೋನಿ? ಸಹಿ ಹಾಕು, ಆಮೇಲೆ ಹೇಳ್ತೇವೆ ಅಂತ."

ಸಾಂತಪ್ಪ, "ನೀನು ಹೋಗಿ ಕೆಡಿಸಿದ್ರೆ ಮಗ ಅಲ್ಲೇ ಕೊಳೀತಾನೆ, ನೆನಪಿರ್ಲಿ" ಎಂದ. ಯಮುನ ಅಕ್ಕಿ ತೊಳೆಯುವುದನ್ನು ಮುಂದುವರಿಸಿದಳು. ಮೂರು ಸಲ ತೊಳೆಯುವ ಅಕ್ಕಿಯನ್ನು ಅವಳು ಐದಾರು ಸಲ ತೊಳೆದಳು.

ಬೆಳಿಗ್ಗೆ ಎಂಟಕ್ಕೆ ಅವಳು ಮೇಲಿನ ಮನೆಗೆ ಹತ್ತಿದಳು. ಕುಶಾಲಪ್ಪ ಕಣದಲ್ಲಿ ಒಣಹಾಕಿದ ಕಾಫಿಯನ್ನು ಬರಿಗಾಲಿನಿಂದ ಎಳೆದು ಸಾಲು ಹೊಡೆಯುತ್ತಿದ್ದ. ಎಪ್ಪತ್ತು ದಾಟಿದವನು, ಸಾಲುಗಳು ಮಾತ್ರ ಗೆರೆ ಎಳೆದ ಹಾಗೆ ಇದ್ದವು. ಹೆಂಡತಿಯನ್ನು ಕೂಗಿ ಕುರ್ಚಿ ತರಲು ಅವನು ಹೇಳಲಿಲ್ಲ.

"ಜಾಮೀನಿಗೆ ಬಂದದ್ದಾ?" ಎಂದ. ಊರಿಗೆಲ್ಲ ಗೊತ್ತಿತ್ತು.

"ಹೌದು ಬಾವ. ಅದಕ್ಕಿಂತ ಮೊದಲು ಒಂದು ಕಾಗದ ಉಂಟು, ಓದಿ."

ಅವನು ಕೈ ಒರೆಸಿಕೊಂಡು, ಒಳಗಿನಿಂದ ಕನ್ನಡಕ ತರಿಸಿ, ನಿಂತುಕೊಂಡೇ ಓದಿದ. ಪೆನ್ಸಿಲ್ ಗೆರೆಯ ಹತ್ತಿರ ಬಂದಾಗ ಅವನ ತುಟಿ ಅಲುಗುವುದು ನಿಂತಿತು. ಮತ್ತೆ ಮೊದಲಿನಿಂದ ಓದಿದ.

"ನಾನು ಹೊಡೆದದ್ದಾ?"

"ಮಿಲನ್ ಹಾಗೆ ಸಹಿ ಹಾಕಿದ್ದಾನೆ."

"ನನ್ನ ಕೋವಿಯಲ್ಲಿ ಗುಂಡು ಹಾರಿ ಇಪ್ಪತ್ತೆರಡು ವರ್ಷ. ಕೈಲ್ ಮುಹೂರ್ತದ ಆಯುಧಪೂಜೆಗೆ ಒರೆಸಿ ಹೂ ಇಡ್ತೇನೆ, ಅಷ್ಟೇ."

"ಗೊತ್ತುಂಟು."

"ಕೊಂಬು ಒಲೆಗೆ ಹೋಗಿತ್ತಲ್ಲ?"

ಅದನ್ನು ಬಿಟ್ಟು ಯಮುನ, ಪದ್ಮಾಕ್ಷಿ ಮೋನಿಷಾಳಿಗೆ ಹೇಳಿದ್ದನ್ನು ತನಗೆ ನೆನಪಿದ್ದಷ್ಟು ಹೇಳಿದಳು. "ಬಾವ, ಪೊಲೀಸರು ನಿಮ್ಮಲ್ಲಿಗೂ ಬರ್ತಾರೆ. ನೋಟಿಸ್ ಕೊಟ್ಟು ಕರೆದ್ರೆ ಒಬ್ಬರೇ ಹೋಗ್ಬೇಡಿ. ಬೇರೆ ವಕೀಲರನ್ನು ನೋಡಿ, ನಮ್ಮವರನ್ನಲ್ಲ. ಕೋವಿ ತಗೊಂಡು ಹೋದ್ರೆ ಮಹಜರಿನ ಕಾಗದ ಕೇಳಿ. ಓದದೆ ಯಾವುದಕ್ಕೂ ಸಹಿ ಹಾಕ್ಬೇಡಿ."

ಕುಶಾಲಪ್ಪ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ.

"ನೀನು ಸಹಿ ಹಾಕಿ ಅಂತ ಹೇಳ್ಲಿಕ್ಕೆ ಬಂದದ್ದಾ, ಹಾಕ್ಬೇಡಿ ಅಂತ ಹೇಳ್ಲಿಕ್ಕೆ ಬಂದದ್ದಾ?"

"ಎರಡಕ್ಕೂ ಬಾವ."

ಅವನು ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಬಿಟ್ಟಲ್ಲಿಂದ ಸಾಲು ಹೊಡೆಯಲು ಶುರುಮಾಡಿದ. ಯಮುನ ಹತ್ತು ನಿಮಿಷ ನಿಂತಳು. ಅವನು ಆಚೆ ತುದಿಗೆ ಹೋಗಿ ಈಚೆ ಬಂದ, ಮತ್ತೆ ಹೋದ. ಅವಳು ಮನೆಗೆ ಇಳಿದು ಬಂದಳು. ಸಾಂತಪ್ಪ ಏನಾಯಿತೆಂದು ಕೇಳಿದ. ಅವಳ ಮುಖ ನೋಡಿ, "ನಾನು ಹೇಳಿದ್ದೆ" ಎಂದ. ಆ ದಿನ ಅವನು ಮಧ್ಯಾಹ್ನದ ಮಾತ್ರೆ ತಗೊಳ್ಳಲಿಲ್ಲ.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಸೋಮವಾರ, ಪೊಲೀಸರ ಜೀಪು ಕೆಳಗಿನ ಮನೆಯನ್ನು ದಾಟಿ ಮೇಲೆ ಹೋಗಿ, ಒಂದೂವರೆ ಗಂಟೆಯ ನಂತರ ಇಳಿಯಿತು. ಕೋವಿ ಹೋಯಿತು. ಕುಶಾಲಪ್ಪ ಫೋನ್ ಮಾಡಿ ವಿರಾಜಪೇಟೆಯ ವಕೀಲರೊಬ್ಬರನ್ನು ಕರೆಸಿಕೊಂಡು, ಅವರು ಬರುವವರೆಗೆ ಪೊಲೀಸರಿಗೆ ಕಾಫಿ ಕೊಟ್ಟು ಕೂರಿಸಿದ್ದನಂತೆ. ಮಹಜರಿನಲ್ಲಿ ನಳಿಗೆ ತುಕ್ಕು ಹಿಡಿದಿದೆ ಎಂದು ಬರೆಯದಿದ್ದರೆ ಸಹಿ ಇಲ್ಲ ಎಂದಿದ್ದನಂತೆ. ಇದನ್ನೆಲ್ಲ ಹೇಳಿದವನು ಕುಶಾಲಪ್ಪನಲ್ಲಿ ಕೆಲಸಕ್ಕೆ ಹೋಗುವ ಸಿದ್ದ.

"ಮುಗೀತು" ಎಂದ ಸಾಂತಪ್ಪ. "ಇನ್ನು ಬರುದಿಲ್ಲೆ ಅವನು."

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಪದ್ಮಾಕ್ಷಿಯ ಫೋನ್ ಬಂತು. "ನಿಮ್ಮ ಬಾವ ಇಲ್ಲಿ ಕೋರ್ಟಿನ ವರಾಂಡದಲ್ಲಿ ಕೂತಿದ್ದಾರೆ. ಪಹಣಿ, ಆಧಾರ್, ಫೋಟೊ ಎಲ್ಲಾ ತಂದಿದ್ದಾರೆ. ನೀವು ಎಲ್ಲಿದ್ದೀರಿ?"

ಅವರು ಮುಟ್ಟುವಷ್ಟರಲ್ಲಿ ಸಹಿ ಮುಗಿದಿತ್ತು. ಕುಶಾಲಪ್ಪ ಮುಂದಿನ ಬಸ್ಸಿಗೆ ಹೋಗಿಯಾಗಿತ್ತು.

ಮಿಲನ್ ಮನೆಗೆ ಬಂದ. ಸ್ನಾನ ಮಾಡಿದ, ಉಂಡ, ಸಂಜೆಯಿಂದಲೇ ತೂಕದ ಕೆಲಸಕ್ಕೆ ನಿಂತ. ದೊಡ್ಡಪ್ಪನ ಮನೆಗೆ ಹೋಗು ಎಂದು ಯಮುನ ದಿನಾ ಹೇಳಿದಳು. ಅವನು ನಾಳೆ ಎಂದ. ಜಾಮೀನಿನ ಷರತ್ತಿನಂತೆ ಪ್ರತಿ ಭಾನುವಾರ ಸ್ಟೇಷನ್ನಿಗೆ ಹೋಗಿ ಸಹಿ ಹಾಕಬೇಕಿತ್ತು. ಮೊದಲ ಭಾನುವಾರ ಬೆಳಿಗ್ಗೆ ಅಪ್ಪ, ಅಮ್ಮ, ಮಗ ನೆರೆಮನೆಯ ಜೀಪು ಕೇಳಿ ತಂದು ಹೊರಟರು, ಓಡಿಸಿದವನು ಮಿಲನ್; ಮೋನಿಷಾಳಿಗೆ ಲ್ಯಾಬಿತ್ತು. ಕವಲುದಾರಿಯಲ್ಲಿ ಕುಶಾಲಪ್ಪ ನಿಂತಿದ್ದ. ಕೈ ಅಡ್ಡ ಹಿಡಿದ.

"ನಾನೂ ಬರ್ತೇನೆ. ಇವನು ಹೋಗದಿದ್ರೆ ಹಿಡಿಯುವುದು ನನ್ನನ್ನು."

ಯಮುನ ಸರಿದು ಜಾಗ ಕೊಟ್ಟಳು. ಅಮ್ಮತ್ತಿಯ ಸಂತೆಯ ಹತ್ತಿರ ದನ ಅಡ್ಡ ಬಂದು ಜೀಪು ನಿಂತಾಗ ಕುಶಾಲಪ್ಪ ಕೇಳಿದ:

"ನನ್ನ ಹೆಸರೇ ಯಾಕೆ?"

ಮಿಲನ್ ಸ್ಟಿಯರಿಂಗ್ ಬಿಡಲಿಲ್ಲ, ಹಿಂದೆ ತಿರುಗಲೂ ಇಲ್ಲ.

"ಹಳೇ ಕೊಂಬು, ಮನೆಯಲ್ಲೇ ಇತ್ತು ಅಂದ್ರೆ ಇವತ್ತೇ ನಿನ್ನ ಅಪ್ಪನನ್ನೂ ತರ್ತೇವೆ ಅಂದ್ರು ಪೊಲೀಸರು, ದೊಡ್ಡಪ್ಪ. ಅಪ್ಪನಿಗೆ ಸ್ಟೆಂಟ್ ಹಾಕಿದ್ದು ನೆನಪಾಯ್ತು. ಹೊಸದು ಅಂದ್ರೆ ಕೋವಿ ಯಾರದು ಕೇಳಿದ್ರು. ಕೋವಿ ಇರುದು ನಿಮ್ಮಲ್ಲಿ ಮಾತ್ರ. ಹೇಳ್ಬಿಟ್ಟೆ. ಸುಮ್ನಿರ್ಬಹುದು ಅಂತ ಗೊತ್ತಿರ್ಲಿಲ್ಲ."

ದನ ದಾಟಿತು. ಜೀಪು ಹೊರಟಿತು.

ಸ್ಟೇಷನ್ನಿನ ಎದುರು ಮಿಲನ್ ಇಳಿದು ಒಳಗೆ ಹೋದ. ಸಾಂತಪ್ಪನೂ ಇಳಿದ. ಅವನ ಮುಖ ಬೆವರಿತ್ತು.

"ನಾನು ಒಳಗೆ ಹೋಗಿ ಹೇಳ್ತೇನೆ. ಕೊಂಬು ನನ್ನದು, ನಾನು ಇಟ್ಟದ್ದು ಅಂತ. ಏನು ಬೇಕಾದ್ರೂ ಮಾಡ್ಕೊಳ್ಲಿ."

"ನಿಲ್ಲು" ಎಂದ ಕುಶಾಲಪ್ಪ. "ಅಲ್ಲಿ ಯಾವಾಗ ಹೇಳ್ಬೇಕು, ಹೇಳ್ಬೇಕಾ ಬೇಡ್ವಾ ಅಂತ ನಿಮ್ಮ ವಕೀಲಮ್ಮನನ್ನು ಕೇಳು. ಪೊಲೀಸರಿಗೆ ಹೇಳದಿರ್ಲಿಕ್ಕೆ ನಿನಗೆ ಹಕ್ಕುಂಟಂತೆ. ನನಗೆ ಹೇಳದಿರ್ಲಿಕ್ಕೆ ಉಂಟಾ?"

ಸಾಂತಪ್ಪ ರಸ್ತೆಯ ಬದಿಯ ಮೋರಿಕಟ್ಟೆಯ ಮೇಲೆ ಕುಳಿತ. ಅಣ್ಣನೂ ಕುಳಿತ. ಯಮುನ ಜೀಪಿನಿಂದ ಇಳಿಯಲಿಲ್ಲ. ಗಂಡ ತಲೆ ಬಗ್ಗಿಸಿ ಮಾತಾಡುತ್ತಿದ್ದುದು ಕಾಣುತ್ತಿತ್ತು. ಮಾತು ತುಂಡು ತುಂಡಾಗಿ ಕೇಳುತ್ತಿತ್ತು. ಅಪ್ಪ ಅದನ್ನು ತನಗೆ ಕೊಟ್ಟದ್ದು ಎಂದುಕೊಂಡಿದ್ದು. ಎಲ್ಲದರಲ್ಲೂ ಮೊದಲ ಹೆಸರು ಅಣ್ಣನದೇ, ಇದೊಂದಾದರೂ ತನ್ನ ಬಾಗಿಲ ಮೇಲೆ ಇರಲಿ ಎಂದು ಬಿಡಲಾಗದೆ ಸುಳ್ಳು ಹೇಳಿದ್ದು. ಕುಶಾಲಪ್ಪ ನಡುವೆ ಬಾಯಿ ಹಾಕಲಿಲ್ಲ. ಒಂದು ಸಲ ಮಾತ್ರ, "ಅಟ್ಟಕ್ಕೆ ಹಾಕಿದ್ದು ಯಾವ ತಿಂಗಳು?" ಎಂದು ಕೇಳಿದ.

ಮಿಲನ್ ಹೊರಗೆ ಬಂದ. ಅಪ್ಪ ಮುಖ ಒರೆಸಿಕೊಳ್ಳುತ್ತಿರುವುದನ್ನು ನೋಡಿ ಗಾಬರಿಯಾದ.

"ಎಂಥ ಆಯ್ತು?"

"ಎಂಥ ಇಲ್ಲೆ" ಎಂದ ಕುಶಾಲಪ್ಪ, ಪಂಚೆ ಕೊಡವಿ ಏಳುತ್ತ. "ನಿನ್ನ ಅಪ್ಪ ಹೇಳಿಕೆ ಕೊಡ್ತಾ ಇದ್ದ."

ಮಿಲನ್ ಅಮ್ಮನ ಕಡೆ ನೋಡಿದ, ಮತ್ತೆ ದೊಡ್ಡಪ್ಪನ ಕಡೆ.

"ಹೆದರ್ಬೇಡ. ಇದಕ್ಕೆ ಸಹಿ ಬೇಕಾಗುದಿಲ್ಲ. ಹೊರಡು, ಕಣದಲ್ಲಿ ಕಾಫಿ ಉಂಟು."